ಮಗುವಿನ ವಯಸ್ಸು ಕೇಳಿ, ಆದರೆ ಕನ್ನಡದಲ್ಲಿ ಕೇಳಿ!



ನಿಮ್ಮಲ್ಲಿ ಐವತ್ತು ದಾಟಿದವರು ಒಮ್ಮೆ ನೆನಪು ಮಾಡಿಕೊಳ್ಳಿ. ಶಾಲೆಗೆ ಸೇರಿಸಲು ಅಪ್ಪ ನಿಮ್ಮ ಕೈ ಹಿಡಿದು ಕರೆದುಕೊಂಡು ಹೋದಾಗ ಹೆಡ್‌ಮಾಸ್ತರು ಯಾವ ಕಾಗದ ಕೇಳಿದರು? ಯಾವುದನ್ನೂ ಕೇಳಲಿಲ್ಲ. "ಬಲಗೈಯನ್ನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಮರಿ" ಅಂದರು. ಮುಟ್ಟಿತು, ವಯಸ್ಸಾಯಿತು! ಮುಟ್ಟಲಿಲ್ಲ, ಮುಂದಿನ ವರ್ಷ ಬಾ! ಹುಟ್ಟಿದ ದಿನ ಮನೆಯವರಿಗೆ ಗೊತ್ತಿಲ್ಲದಿದ್ದರೆ ಮಾಸ್ತರೇ ಜೂನ್ ಒಂದು ಎಂದು ಬರೆದುಕೊಂಡರು. ಇವತ್ತಿಗೂ ನಮ್ಮ ಕೋಲಾರ ಜಿಲ್ಲೆಯ ಯಾವ ಕಚೇರಿಗೆ ಬೇಕಾದರೂ ಹೋಗಿ, ಜೂನ್ ಒಂದರಂದು ಹುಟ್ಟಿದವರು ಸಿಕ್ಕೇ ಸಿಗುತ್ತಾರೆ. ಅವರ ತಾಯಂದಿರೆಲ್ಲ ಒಂದೇ ದಿನ ಹೆತ್ತರೇ? ಇಲ್ಲ ಸ್ವಾಮಿ, ಅವರನ್ನು ಆ ದಿನ ಹೆತ್ತದ್ದು ಶಾಲೆಯ ದಾಖಲಾತಿ ಪುಸ್ತಕ!

ಆ ಕಾಲ ಹೋಯಿತು. ಹೋಗಬೇಕಾದದ್ದೇ. ಆದರೆ ಅದರ ಜಾಗಕ್ಕೆ ಬಂದದ್ದು ಏನು ಎಂಬುದನ್ನು ಹೋದ ಬೇಸಿಗೆ ರಜೆಯಲ್ಲಿ ನಾನು ಕಣ್ಣಾರೆ ಕಂಡೆ. ಅದನ್ನು ನಿಮ್ಮ ಮುಂದೆ ಇಡದಿದ್ದರೆ ನನಗೆ ಸಮಾಧಾನವಿಲ್ಲ.

ಕಿಟಕಿಯ ಮುಂದೆ ಒಂದು ಕುಟುಂಬ

ಮುಳಬಾಗಿಲು ಕಡೆಯ ಒಂದು ಕುಟುಂಬ. ಅಪ್ಪ ದೋಸೆ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ. ಮನೆಮಾತು ತೆಲುಗು, ಓದಿದ್ದು ಕನ್ನಡ. ನಮ್ಮ ಜಿಲ್ಲೆಯಲ್ಲಿ ಇದೇನೂ ಹೊಸದಲ್ಲ. ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ಆಡಿಕೊಂಡು, ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಿ, ಈ ಮೂಡಲ ಬಾಗಿಲಿನಲ್ಲಿ ಕನ್ನಡವನ್ನು ಉಳಿಸಿದವರು ಇಂಥವರೇ. ಮಗನಿಗೆ ಹನ್ನೊಂದು ವರ್ಷ. ಸರ್ಕಾರಿ ಶಾಲೆಯಲ್ಲಿ ಓದುತ್ತಾನೆ. ಆಳು ಎತ್ತರ, ಮೀಸೆ ಮಾತ್ರ ಬಂದಿಲ್ಲ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದಕ್ಕೆ ನೀರಾಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ನೆರೆಯವನೆಂದು ನನ್ನನ್ನೂ ನನ್ನ ಮನೆಯವರನ್ನೂ ಜೊತೆಗೆ ಕರೆದರು.

ಪಾರ್ಕಿನ ಹೆಸರು ಬೇಡ. ಒಬ್ಬರನ್ನು ಹಿಡಿದು ಬೈಯುವುದು ನನ್ನ ಉದ್ದೇಶವಲ್ಲ. ಅಲ್ಲಿ ಹನ್ನೆರಡರೊಳಗಿನ ಮಕ್ಕಳಿಗೆ ಕಡಿಮೆ ದರ. ಕಿಟಕಿಯೊಳಗಿನ ಹುಡುಗ ಮಗನನ್ನು ಮೇಲಿಂದ ಕೆಳಕ್ಕೆ ನೋಡಿ ದೊಡ್ಡವರ ಟಿಕೆಟ್ ಎಂದ. ಅಪ್ಪ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಮಗನ ಶಾಲೆಯ ವ್ಯಾಸಂಗ ಪ್ರಮಾಣ ಪತ್ರ. ಹುಟ್ಟಿದ ದಿನಾಂಕ ಅಂಕಿಯಲ್ಲೂ ಇದೆ, ಅಕ್ಷರದಲ್ಲೂ ಇದೆ. ಮುಖ್ಯೋಪಾಧ್ಯಾಯರ ಸಹಿ ಇದೆ, ಮೊಹರು ಇದೆ. ಆ ಹುಡುಗ ಅದನ್ನು ತಿರುವಿ ನೋಡಿ ಹಿಂದಿಯಲ್ಲಿ ಹೇಳಿದ: ಇದರಲ್ಲಿ ಏನು ಬರೆದಿದೆಯೋ ನನಗೆ ಓದಲು ಬರುವುದಿಲ್ಲ, ಇಂಗ್ಲಿಷಿನದು ತನ್ನಿ!

ಓದುಗರೇ, ಇದನ್ನು ಇನ್ನೊಮ್ಮೆ ಓದಿ. ಕರ್ನಾಟಕದ ನೆಲದ ಮೇಲೆ, ಕರ್ನಾಟಕ ಸರ್ಕಾರದ ಶಾಲೆ ಕೊಟ್ಟ ಕನ್ನಡದ ಕಾಗದ ಚಲಾವಣೆಯಿಲ್ಲದ ನೋಟಾಯಿತು!

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ "ಬೇಗ ಬೇಗ" ಎಂದರು. ಇನ್ಯಾರೋ ನಕ್ಕರು. ಅಪ್ಪನ ಮುಖ ಕೆಂಪಾಯಿತು. ಮಗ ಅವರ ಅಂಗಿ ಜಗ್ಗಿ, "ಅಪ್ಪಾ, ನಂಗೆ ಆಟ ಬೇಡ, ಮನೆಗೆ ಹೋಗೋಣ" ಎಂದ. ಕೊನೆಗೆ ಪೂರ್ತಿ ಹಣ ಕಟ್ಟಿ ಒಳಗೆ ಹೋದರು. ಹೆಚ್ಚಿಗೆ ಕೊಟ್ಟದ್ದು ಅವರ ಒಂದು ದಿನದ ದುಡಿಮೆ. ಅದನ್ನು ಅವರು ಮತ್ತೆ ದುಡಿಯುತ್ತಾರೆ. ಆದರೆ ಮಗನ ಕಣ್ಣೆದುರು ಅಪ್ಪ ಸುಳ್ಳುಗಾರನಾದರಲ್ಲ, ಅದನ್ನು ಯಾವ ಕಿಟಕಿಯಲ್ಲಿ ವಾಪಸು ಕೊಡುತ್ತಾರೆ?

ಕಾಗದ ಏಕೆ ಇರಲಿಲ್ಲ?

ಜನನ ಪ್ರಮಾಣ ಪತ್ರ ತರಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮಗು ಹುಟ್ಟಿದ್ದು ತಾಯಿಯ ತವರಿನಲ್ಲಿ, ಗಡಿಯಾಚೆಯ ಆಂಧ್ರದಲ್ಲಿ. ಮುಳಬಾಗಿಲು, ಶ್ರೀನಿವಾಸಪುರ, ಕೆ.ಜಿ.ಎಫ್. ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ತವರು ಇರುವುದು ಆಚೆ ರಾಜ್ಯದಲ್ಲಿ. ಬಾಣಂತನಕ್ಕೆ ಗಡಿ ಎಲ್ಲಿದೆ? ಆದರೆ 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿಯಾಗಬೇಕು. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡವಾದರೆ ತಡದ ಶುಲ್ಕ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮೊದಲು ಇದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. 2023ರ ತಿದ್ದುಪಡಿಯಿಂದ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಮತ್ತು ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೈಗೆ ಬಂದಿದೆ. ಮಾಲೂರಿನ ಇಟ್ಟಿಗೆ ಗೂಡಿಗೆ ದೂರದೂರಿಂದ ಬಂದ ಕೂಲಿಯವರು, ಹೋಟೆಲಿನಲ್ಲಿ ದುಡಿಯುವವರು, ಮಾವಿನ ತೋಟ ಕಾಯುವವರು ಎರಡು ದಿನದ ಕೂಲಿ ಬಿಟ್ಟು ಈ ಕಾಗದಕ್ಕೆ ಯಾವಾಗ ಓಡಾಡಬೇಕು?

ಇನ್ನು ಆಧಾರ್. ಎಲ್ಲ ಕಿಟಕಿಗಳಲ್ಲೂ ಕೇಳುವುದು ಅದನ್ನೇ. ಆದರೆ ಆಧಾರ್ ಗುರುತಿಗೆ ಸಾಕ್ಷಿ, ಹುಟ್ಟಿದ ದಿನಕ್ಕೆ ಸಾಕ್ಷಿಯಲ್ಲ! ಇದು ನನ್ನ ಮಾತಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ಸತ್ತವನ ವಯಸ್ಸನ್ನು ಆಧಾರ್ ಕಾರ್ಡಿನಿಂದ ಲೆಕ್ಕ ಹಾಕುವುದನ್ನು ಒಪ್ಪದೆ, ಶಾಲೆ ಬಿಟ್ಟ ಪ್ರಮಾಣ ಪತ್ರದ ದಿನಾಂಕವನ್ನೇ ಎತ್ತಿಹಿಡಿಯಿತು. 2015ರ ಬಾಲ ನ್ಯಾಯ ಕಾಯಿದೆಯ 94ನೇ ಕಲಮು ನೋಡಿ. ವಯಸ್ಸು ತೀರ್ಮಾನಿಸಲು ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ದೇಶದ ಅತಿದೊಡ್ಡ ಕೋರ್ಟು ನಂಬುವ ಶಾಲೆಯ ಕಾಗದವನ್ನು ಜಾರುಬಂಡೆಯ ಕಿಟಕಿ ನಂಬುವುದಿಲ್ಲ!

ಇನ್ನೊಂದು ವಿಚಿತ್ರ ಕೇಳಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲ. ಅಕ್ಷರ ಕಲಿಯಲು ಕಾಗದ ಕಡ್ಡಾಯವಲ್ಲ, ನೀರಿನಲ್ಲಿ ಆಡಲು ಕಡ್ಡಾಯ!

ನಮ್ಮ ತಪ್ಪೂ ಇದೆ

ಪಾರ್ಕಿನವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅವರು ಏಕೆ ನಂಬುವುದಿಲ್ಲ? ನಾವು ಸುಳ್ಳು ಹೇಳುತ್ತೇವೆ, ಅದಕ್ಕೆ. ಎದೆ ಮುಟ್ಟಿಕೊಂಡು ಹೇಳಿ, ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು "ಇನ್ನೂ ಐದು ತುಂಬಿಲ್ಲ" ಎಂದವರು ನಮ್ಮಲ್ಲಿ ಎಷ್ಟು ಜನರಿಲ್ಲ? ನನ್ನಮ್ಮನೂ ಹೇಳಿದ್ದಳು. "ಕಂಡಕ್ಟರ್ ಬಂದಾಗ ಮೈ ಕುಗ್ಗಿಸಿ ಕೂತ್ಕೊ" ಎಂದು ನನಗೆ ಕಲಿಸಿದ್ದಳು. ಬಡತನದ ದಿನಗಳು, ಅವಳನ್ನು ನಾನು ದೂರುವುದಿಲ್ಲ. ಆದರೆ ನಾನು ಕಲಿತ ಮೊದಲ ಸುಳ್ಳು ಅದೇ ಎಂಬುದೂ ನಿಜ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಈಗ ಅಕ್ಕನಿಗೆ ಪುಕ್ಕಟೆ, ತಮ್ಮನಿಗೆ ಅರ್ಧ ಟಿಕೆಟ್. ಸುಳ್ಳು ಹೇಳುವ ಭಾರವೆಲ್ಲ ಗಂಡುಮಕ್ಕಳ ಹೆಗಲಿಗೇ ಬಿತ್ತು! ನಗೆಯ ಮಾತು ಇರಲಿ. ನಾವು ನೂರು ಸಲ ಸುಳ್ಳು ಹೇಳಿದರೆ ನೂರೊಂದನೆಯ ಸಲ ನಿಜ ಹೇಳುವ ಬಡಪಾಯಿಯನ್ನು ಯಾರೂ ನಂಬುವುದಿಲ್ಲ. ಅವತ್ತು ಆ ಕಿಟಕಿಯ ಮುಂದೆ ಆ ಅಪ್ಪ ಕಟ್ಟಿದ ದಂಡ ನಮ್ಮೆಲ್ಲರ ಸುಳ್ಳಿನ ದಂಡ.

ಎತ್ತರ ಅಳೆದರೆ ಮುಗಿಯಿತೇ?

ಕೆಲವರು ಈ ರಗಳೆಯೇ ಬೇಡವೆಂದು ಎತ್ತರ ಅಳೆಯುತ್ತಾರೆ. 2005ರಲ್ಲಿ ಬಿಡದಿ ಬಳಿ ಆರಂಭವಾದ ವಂಡರ್‌ಲಾ ಮಕ್ಕಳ ದರಕ್ಕೆ ವಯಸ್ಸಿನ ಬದಲು ಎತ್ತರದ ಲೆಕ್ಕ ಇಟ್ಟುಕೊಂಡಿತು. ಇದರಲ್ಲಿ ಅನುಕೂಲವಿದೆ. ಕಾಗದ ಬೇಡ, ಭಾಷೆ ಬೇಡ, ಸುಳ್ಳಿಗೂ ಎಡೆಯಿಲ್ಲ. ಗೋಡೆಯ ಗೆರೆ ಎಲ್ಲರಿಗೂ ಒಂದೇ. ಎತ್ತರದಿಂದ ಬೀಳುವ, ತಿರುಗುವ ಆಟಗಳಿಗೆ ಸುರಕ್ಷತೆಗಾಗಿ ಎತ್ತರ ಅಳೆಯಬೇಕಾದದ್ದೇ, ಅದರಲ್ಲಿ ತಕರಾರಿಲ್ಲ.

ಆದರೆ ಬೆಲೆಗೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎತ್ತರ ಎಂಬುದು ವಯಸ್ಸಿನ ಅಳತೆಯಲ್ಲ, ಉಂಡ ಊಟದ ಅಳತೆಯೂ ಹೌದು. ಬೇಗ ಬೆಳೆದ ಹನ್ನೊಂದರ ಹುಡುಗ ದೊಡ್ಡವನ ಹಣ ಕಟ್ಟುತ್ತಾನೆ, ಬೆಳೆಯದೆ ಉಳಿದ ಹದಿಮೂರರವನು ಮಕ್ಕಳ ಟಿಕೆಟ್ ಕೊಂಡು, ದೊಡ್ಡ ಆಟಕ್ಕೆ ಎತ್ತರ ಸಾಲದೆ ಹೊರಗೆ ನಿಲ್ಲುತ್ತಾನೆ. ಚೀನಾ ದೇಶದ ರೈಲುಗಳು ವರ್ಷಗಟ್ಟಲೆ ಎತ್ತರ ಅಳೆದು ಮಕ್ಕಳ ಟಿಕೆಟ್ ಕೊಡುತ್ತಿದ್ದವು. 2023ರ ಜನವರಿ 1ರಿಂದ ಅಲ್ಲಿ ಲೆಕ್ಕ ವಯಸ್ಸಿನದು. ಆರು ತುಂಬದವರಿಗೆ ಪುಕ್ಕಟೆ, ಆರರಿಂದ ಹದಿನಾಲ್ಕರ ಒಳಗಿನವರಿಗೆ ಮಕ್ಕಳ ದರ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿಯೂ ಲೆಕ್ಕ ವಯಸ್ಸಿನದೇ. ಮೂರು ತುಂಬದ ಮಗುವಿಗೆ ಟಿಕೆಟ್ಟಿಲ್ಲ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ. ವಯಸ್ಸಿನ ಲೆಕ್ಕ ತಪ್ಪಲ್ಲ. ಅದನ್ನು ಕೇಳುವ ರೀತಿ ಸರಿಯಿರಬೇಕು, ಅಷ್ಟೆ.

ಹೆಸರು ಕನ್ನಡದಲ್ಲಿ, ನಿಯಮ ಇಂಗ್ಲಿಷಿನಲ್ಲಿ!

ಈಗ ಮುಖ್ಯ ಮಾತಿಗೆ ಬರೋಣ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ನಮ್ಮಲ್ಲಿದೆ. 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ. ಮನರಂಜನಾ ಕೇಂದ್ರಗಳೂ ಇದಕ್ಕೆ ಸೇರಿವೆ. ಒಳ್ಳೆಯದು. ನಾವು ಕಂಡ ಪಾರ್ಕಿನ ಹೆಬ್ಬಾಗಿಲಿನಲ್ಲೂ ಕನ್ನಡ ದೊಡ್ಡದಾಗಿಯೇ ಇತ್ತು. ಆದರೆ ಹೆಬ್ಬಾಗಿಲು ದಾಟಿ ಕಿಟಕಿಗೆ ಬಂದರೆ? ಯಾರಿಗೆ ಎಷ್ಟು ದರ, ಯಾವ ಕಾಗದ ತೋರಿಸಬೇಕು, ಹಣ ವಾಪಸಿದೆಯೇ ಇಲ್ಲವೇ, ಎಲ್ಲವೂ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ! ಹಣ ಕೀಳುವ ಜಾಗದಲ್ಲಿಲ್ಲದ ಕನ್ನಡ ಕಮಾನಿನ ಮೇಲಿದ್ದು ಏನು ಪ್ರಯೋಜನ? ನಮಗೆ ಬೇಕಾದದ್ದು ತೋರಣದ ಕನ್ನಡವಲ್ಲ, ವ್ಯವಹಾರದ ಕನ್ನಡ.

ಆ ಕಿಟಕಿಯ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನೂ ಹೊಟ್ಟೆಪಾಡಿಗೆ ದೂರದಿಂದ ಬಂದವನು. ಅವನಿಗೆ ಕನ್ನಡ ಕಲಿಸದೆ, ಓದಬಲ್ಲ ಒಬ್ಬರನ್ನೂ ಪಕ್ಕದಲ್ಲಿ ಕೂರಿಸದೆ, ಕನ್ನಡಿಗರ ಮುಂದೆ ತಂದು ನಿಲ್ಲಿಸಿದ ಮಾಲೀಕರನ್ನು ಕೇಳುತ್ತೇನೆ: ನಿಮಗೆ ನಮ್ಮ ನೆಲ ಬೇಕು, ನಮ್ಮ ನೀರು ಬೇಕು, ನಮ್ಮ ದುಡ್ಡು ಬೇಕು, ನಮ್ಮ ಅಕ್ಷರ ಮಾತ್ರ ಬೇಡವೇ? ಕುಡಿಯುವ ನೀರಿಗಾಗಿ ಸಾವಿರ ಅಡಿ ಕೊಳವೆಬಾವಿ ಕೊರೆಸುವ ಕೋಲಾರದವರು ನೀರಿನಾಟ ನೋಡಲು ಬಂದರೆ ಕೊಡುವ ಮರ್ಯಾದೆ ಇದೇನಾ?

ಆಗಬೇಕಾದದ್ದು ಇಷ್ಟು

ಒಂದು, ದರ ಮತ್ತು ವಯಸ್ಸಿನ ನಿಯಮ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಸಾಲು ಶುರುವಾಗುವ ಜಾಗದಲ್ಲಿಯೇ ಇರಬೇಕು. ಕಿಟಕಿ ತಲುಪಿದ ಮೇಲೆ ತಿಳಿಯುವುದು ನಿಯಮವಲ್ಲ, ಬಲೆ.

ಎರಡು, ಶಾಲೆಯ ವ್ಯಾಸಂಗ ಪತ್ರ, ಜನನ ಪತ್ರ, ಚಿಕ್ಕ ಮಕ್ಕಳಾದರೆ ತಾಯಿ ಕಾರ್ಡು, ಇವುಗಳಲ್ಲಿ ಯಾವುದನ್ನು ತೋರಿಸಿದರೂ ಒಪ್ಪಬೇಕು. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಯಾವ ಕಾಗದವನ್ನೂ ತಿರಸ್ಕರಿಸಬಾರದು.

ಮೂರು, ಅನುಮಾನ ಬಂದರೆ ಅದರ ಲಾಭ ಮಗುವಿಗೆ ಸಿಗಬೇಕು. ಒಂದು ಟಿಕೆಟ್ ಕಡಿಮೆಯಾದರೆ ಪಾರ್ಕು ಮುಳುಗುವುದಿಲ್ಲ.

ನಾಲ್ಕು, ಪ್ರತಿ ಕಿಟಕಿಯಲ್ಲೂ ಕನ್ನಡ ಓದಲು ಬಲ್ಲವರು ಇರಬೇಕು.

ಇನ್ನು ನೀವು ಮಾಡಬೇಕಾದದ್ದು. ಹೊರಡುವ ಮೊದಲು ಮಗುವಿನ ಶಾಲೆಯ ಕಾಗದದ ಒಂದು ನಕಲು ಜೇಬಿನಲ್ಲಿರಲಿ. ಜನನ ನೋಂದಣಿ ಆಗಿಲ್ಲದಿದ್ದರೆ ಇವತ್ತೇ ಆ ಕೆಲಸ ಶುರು ಮಾಡಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ವಾಹನ ಪರವಾನಗಿ ಮುಂತಾದವಕ್ಕೆಲ್ಲ ಹುಟ್ಟಿದ ದಿನದ ಸಾಕ್ಷಿ ಜನನ ಪತ್ರವೇ. ಆಟದ ಟಿಕೆಟ್ಟಿಗಿಂತ ದೊಡ್ಡ ಕಿಟಕಿಗಳು ಆ ಮಕ್ಕಳಿಗೆ ಮುಂದೆ ಕಾದಿವೆ. ಕಾಗದ ತೋರಿಸಿದರೂ ಹೆಚ್ಚು ಹಣ ಕಿತ್ತರೆ ಜಗಳಕ್ಕೆ ಇಳಿಯಬೇಡಿ, ಕೈ ಎತ್ತಲೇಬೇಡಿ. ಟಿಕೆಟ್ ಜೋಪಾನ ಮಾಡಿ, ನಿಯಮದ ಫಲಕದ ಚಿತ್ರ ತೆಗೆದುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೇಳದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು, ಪಾರ್ಕು ಇರುವ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ದೂರನ್ನು ಕನ್ನಡದಲ್ಲಿಯೇ ಬರೆಯಿರಿ.

ಮತ್ತೊಂದು ಮಾತು, ಇದು ಎಲ್ಲಕ್ಕಿಂತ ದೊಡ್ಡದು. ಮಗುವಿನ ವಯಸ್ಸನ್ನು ಮಗುವಿನ ಬಾಯಿಂದಲೇ ಹೇಳಿಸಿ, ನಿಜವನ್ನೇ ಹೇಳಿಸಿ. ಹನ್ನೆರಡು ತುಂಬಿದ್ದರೆ ಪೂರ್ತಿ ಟಿಕೆಟ್ ಕೊಳ್ಳಿ. ಕೈಯಲ್ಲಿ ಹಣವಿಲ್ಲದಿದ್ದರೆ ಅಂತರಗಂಗೆಯ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಕಲ್ಲು ಬಸವನ ಬಾಯಿಂದ ಬರುವ ನೀರಿಗೆ ಟಿಕೆಟ್ಟಿಲ್ಲ, ಅದು ಯಾರ ವಯಸ್ಸನ್ನೂ ಕೇಳುವುದಿಲ್ಲ.

ಆ ಹುಡುಗನನ್ನು ಮೊನ್ನೆ ನೋಡಿದೆ. ಮತ್ತೆ ಪಾರ್ಕಿಗೆ ಹೋಗೋಣವೇ ಎಂದು ಕೇಳಿದೆ. "ಬೇಡ ಅಣ್ಣ, ಅವರಿಗೆ ನಮ್ಮ ಮೇಷ್ಟ್ರು ಬರೆದದ್ದು ಓದೋಕೆ ಬರಲ್ಲ" ಎಂದ.

ಕನ್ನಡಿಗರೇ, ಆ ಮಗುವಿಗೆ ನಾವು ಉತ್ತರ ಕೊಡಬೇಕಲ್ಲವೇ?