ಅಬಕಾರಿಯ ಹಣವೂ ಹಳ್ಳಿಯ ಆಲೋಚನೆಯೂ

ನಮ್ಮ ರಾಜ್ಯದ ೨೦೨೫-೨೬ನೆಯ ಸಾಲಿನ ಆಯವ್ಯಯದಲ್ಲಿ ಅಬಕಾರಿ ಬಾಬಿನಿಂದ ೪೦,೦೦೦ ಕೋಟಿ ರೂಪಾಯಿಗಳ ಉತ್ಪತ್ತಿಯನ್ನು ಅಂದಾಜು ಮಾಡಲಾಗಿತ್ತು. ಅದರ ಹಿಂದಿನ ವರ್ಷದ ಅಂದಾಜು ೩೮,೫೨೫ ಕೋಟಿ. ಈ ಹಣದಲ್ಲಿ ಗಣನೀಯವಾದ ಭಾಗವು ಕೂಲಿಕಾರನ ಸಂಜೆಯ ಮಜೂರಿಯಿಂದ ಬಂದದ್ದೆಂಬುದನ್ನು ಯಾವ ಅಧಿಕಾರಿಯೂ ಅಲ್ಲಗಳೆಯಲಾರರು. ಕುಡಿತದಿಂದ ಕೆಟ್ಟ ಸಂಸಾರಗಳನ್ನು ಎತ್ತಿನಿಲ್ಲಿಸುವುದಕ್ಕೆ ಇದರಲ್ಲಿ ಎಷ್ಟು ಹಣ ಹಳ್ಳಿಗೆ ಹಿಂದಿರುಗುತ್ತದೆಂದು ಪ್ರಜೆಗಳು ಕೇಳತಕ್ಕದ್ದು ನ್ಯಾಯವೇ ಆಗಿದೆ. ಹಿಂದಿರುಗುವ ಅಲ್ಪಸ್ವಲ್ಪವಾದರೂ ಯಾರ ಆಲೋಚನೆಯ ಮೇರೆಗೆ ವೆಚ್ಚವಾಗುತ್ತಿದೆಯೆಂಬುದು ನಮ್ಮ ಇಂದಿನ ವಿಷಯ.

ಈ ಜಗಳ ಹೊಸದಲ್ಲ. ೧೯೩೯ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಶ್ರೀ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಜನರು ಈಚಲ ಮರಗಳನ್ನು ಕಡಿದರು. ಮರದಿಂದ ಹೆಂಡ, ಹೆಂಡದಿಂದ ಸರ್ಕಾರದ ಬೊಕ್ಕಸ ಎಂಬ ಸಂಬಂಧವನ್ನು ಅವರು ಕೊಡಲಿಯಿಂದ ತೋರಿಸಿಕೊಟ್ಟರು. ಆಗ ಬೊಕ್ಕಸ ಪರರದು, ಈಗ ನಮ್ಮದೇ. ೨೦೦೭ನೆಯ ಜುಲೈ ೧ರಿಂದ ನಮ್ಮ ಸರ್ಕಾರದವರೇ ಸಾರಾಯಿಯನ್ನು ನಿಷೇಧಿಸಿದರು. ಸಾರಾಯಿಯ ಪೊಟ್ಟಣ ಹೋಯಿತು; ಅದರ ಸ್ಥಳಕ್ಕೆ ಅಗ್ಗದ ವಿಸ್ಕಿ ಬ್ರಾಂದಿಗಳ ಸಣ್ಣ ಪೊಟ್ಟಣ ಬಂದಿತು. ಕುಡಿಯುವವನು ಕುಡಿಯುವುದನ್ನು ಬಿಡಲಿಲ್ಲ, ಹೆಚ್ಚು ಬೆಲೆ ಕೊಡುವುದನ್ನು ಕಲಿತನು. ೨೦೧೯ನೆಯ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಸ್ತ್ರೀಯರು ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು ೨೦೦ ಕಿಲೋಮೀಟರುಗಳ ದೂರ ಕಾಲ್ನಡಿಗೆಯಲ್ಲಿ ಬಂದರು. ಶಿರಾ, ತುಮಕೂರುಗಳ ಹೆದ್ದಾರಿಯಲ್ಲಿ ಬಂದ ಆ ತಾಯಂದಿರು ನಮ್ಮ ಜಿಲ್ಲೆಯ ಬಾಗಿಲಲ್ಲೇ ಹಾದುಹೋದರು. ಅವರಿಗೆ ದೊರೆತದ್ದು ಆಶ್ವಾಸನೆ ಮಾತ್ರ.

ಪೂರ್ಣ ಪಾನನಿರೋಧ ಬೇಕೆ ಬೇಡವೆ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಸಂವಿಧಾನದ ೪೭ನೆಯ ಅನುಚ್ಛೇದವು ಅದನ್ನು ರಾಜ್ಯದ ಕರ್ತವ್ಯಗಳಲ್ಲಿ ಸೇರಿಸಿದೆಯೆಂದು ಜ್ಞಾಪಿಸಿದರೆ ಸಾಕು. ಆದರೆ ನಿಷೇಧ ಬರಲಿ, ಬಾರದಿರಲಿ, ಈಗಾಗಲೇ ಚಟಕ್ಕೆ ಸಿಕ್ಕಿದವನ ಗತಿಯೇನು? ೨೦೧೯ರಲ್ಲಿ ಪ್ರಕಟವಾದ, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಮೇರೆಗೆ, ಮದ್ಯಕ್ಕೆ ದಾಸರಾದ ೩೮ ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದ ೩೭ ಮಂದಿ ನಮ್ಮ ನಡುವೆಯೇ ಇದ್ದಾರೆ.

ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಅಲ್ಲಿ ಬೇರೆಡೆಗಿಂತ ಕುಡಿತ ಹೆಚ್ಚೆಂದು ಇದರ ಅರ್ಥವಲ್ಲ. ಮಧುಗಿರಿ, ಪಾವಗಡಗಳ ಯಾವ ಹೋಬಳಿಯನ್ನಾದರೂ ಹೆಸರಿಸಬಹುದಾಗಿತ್ತು. ಅಲ್ಲಿ ಎಷ್ಟು ಮನೆಗಳಲ್ಲಿ ಈ ಕಷ್ಟವಿದೆ, ಪರವಾನಗಿಯಿಲ್ಲದೆ ಚಿಲ್ಲರೆ ಅಂಗಡಿಯ ಹಲಗೆಯ ಕೆಳಗೆ ಎಷ್ಟು ಮಾರಾಟವಾಗುತ್ತಿದೆ, ನೋವಿನ ಮಾತ್ರೆಗಳನ್ನು ಅಮಲಿಗಾಗಿ ನುಂಗುವ ಹುಡುಗರು ಇದ್ದಾರೆಯೆ, ಬೆಂಗಳೂರಿಗೆ ಕೂಲಿಗೆ ಹೋದವರು ಹಿಂದಿರುಗುವಾಗ ಏನನ್ನು ಕಲಿತು ಬರುತ್ತಾರೆ, ಈ ಪ್ರಶ್ನೆಗಳಿಗೆ ಉತ್ತರವನ್ನು ಕಚೇರಿಯ ಕಡತದಲ್ಲಿ ಹುಡುಕಿ ಫಲವಿಲ್ಲ. ಆಶಾ ಕಾರ್ಯಕರ್ತೆಗೆ ಗೊತ್ತು, ಸ್ತ್ರೀಶಕ್ತಿ ಸಂಘದವರಿಗೆ ಗೊತ್ತು, ಮೇಷ್ಟರಿಗೆ ಗೊತ್ತು. ಅವರನ್ನು ಒಂದೆಡೆ ಕೂರಿಸಿ ಕೇಳುವುದಕ್ಕೆ ಮಾತ್ರ ಯಾವ ಲೆಕ್ಕಶೀರ್ಷಿಕೆಯೂ ಇದ್ದಂತಿಲ್ಲ.

ಅಮೆರಿಕಾ ದೇಶದವರು ಈ ವಿಷಯದಲ್ಲಿ ಅನುಸರಿಸಿದ ಒಂದು ಕ್ರಮವು ವಿಚಾರಯೋಗ್ಯವಾಗಿದೆ. ಅಲ್ಲಿ ಅಫೀಮಿನ ಜಾತಿಯ ನೋವುನಿವಾರಕಗಳ ಚಟವು ಗ್ರಾಮಾಂತರಗಳನ್ನು ಮುತ್ತಿತು. (ವೈದ್ಯರ ಚೀಟಿಯಿಂದಲೇ ಹಬ್ಬಿದ ಪಿಡುಗು ಅದು, ಕಂಪನಿಗಳ ಲಾಭವೂ ಅದರಲ್ಲಿತ್ತು.) ೨೦೧೮ರಲ್ಲಿ ಅಲ್ಲಿಯ ಸರ್ಕಾರವು ಗ್ರಾಮೀಣ ಪ್ರದೇಶಗಳ ಸಂಸ್ಥೆಗಳಿಗೆ ತಲಾ ೨ ಲಕ್ಷ ಡಾಲರುಗಳ ವರೆಗೆ ಒಂದು ವರ್ಷದ ಅನುದಾನವನ್ನು ಕೊಟ್ಟಿತು. ಇದು ಔಷಧಕ್ಕಲ್ಲ, ಕಟ್ಟಡಕ್ಕೂ ಅಲ್ಲ. ಊರಿನ ಆಸ್ಪತ್ರೆ, ಶಾಲೆ, ಪೊಲೀಸು, ಧರ್ಮಸಂಸ್ಥೆ ಮೊದಲಾದವರು ಕೂಟವೊಂದನ್ನು ಕಟ್ಟಿಕೊಂಡು, ತಮ್ಮಲ್ಲಿರುವ ಕೊರತೆಯನ್ನು ಅಳೆದು, ಮುಂದಿನ ಯೋಜನೆಯನ್ನು ಬರೆಯುವುದಕ್ಕಾಗಿ ಕೊಟ್ಟ ಹಣ. ಕಾರ್ಯಾಚರಣೆಯ ದೊಡ್ಡ ಅನುದಾನಗಳನ್ನು ಪ್ರತ್ಯೇಕವಾಗಿಯೇ ಇರಿಸಿದರು. ಆ ಶ್ರೀಮಂತ ದೇಶದ ಮೊತ್ತವನ್ನು ನಾವು ಕೇಳುವುದಿಲ್ಲ; ಮೊದಲು ಆಲೋಚನೆ, ಅನಂತರ ವೆಚ್ಚ ಎಂಬ ಅನುಕ್ರಮವನ್ನು ಮಾತ್ರ ಕೇಳುತ್ತೇವೆ.

ನಮ್ಮಲ್ಲಿ ಆಗುತ್ತಿರುವುದು ಇದರ ವಿಪರ್ಯಾಸ. ೨೦೨೦ನೆಯ ಆಗಸ್ಟ್ ೧೫ರಂದು ಕೇಂದ್ರ ಸರ್ಕಾರವು ೨೭೨ ಜಿಲ್ಲೆಗಳಲ್ಲಿ ನಶಾಮುಕ್ತ ಭಾರತ ಅಭಿಯಾನವನ್ನು ಆರಂಭಿಸಿತು. ರಾಜ್ಯದಲ್ಲಿ ಮದ್ಯಪಾನ ಸಂಯಮ ಮಂಡಳಿಯಿದೆ. ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳನ್ನು ಉಳಿಸಿವೆ. ಅವರಿಗೆ ನಾವು ಋಣಿಗಳು. ಆದರೆ ಮೆರವಣಿಗೆ, ಪ್ರತಿಜ್ಞೆ, ಭಿತ್ತಿಪತ್ರಗಳು ಮೇಲಿನಿಂದ ಇಳಿದು ಬರುತ್ತವೆ. ಪ್ರತಿಜ್ಞೆ ಮಾಡಿದವನು ಮರುದಿನ ಎಲ್ಲಿಗೆ ಹೋಗತಕ್ಕದ್ದೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಇದು ಕೇವಲ ಏರ್ಪಾಡಿನ ಮಾತಲ್ಲ, ಪ್ರಾಣದ ಮಾತು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈಕಾಲು ನಡುಕ, ಸೆಳವು, ಭ್ರಾಂತಿಗಳು ತಲೆದೋರಬಹುದು. ಉಪಚಾರವಿಲ್ಲದಿದ್ದರೆ ಸಾವೂ ಸಂಭವಿಸಬಹುದು. ಥಯಾಮಿನ್ ಎಂಬ ಜೀವಸತ್ವವೂ ಕೆಲವು ಸಾಮಾನ್ಯ ಔಷಧಗಳೂ ವೈದ್ಯರ ಕಣ್ಣೆದುರಿನಲ್ಲಿ ದೊರೆತರೆ ಬಹುಮಂದಿ ಪಾರಾಗುತ್ತಾರೆ. ಹೆಂಡತಿಯ ಕಣ್ಣೀರಿಗೆ ಕರಗಿ ಬಾಟಲಿಯನ್ನು ಎಸೆದ ಮನುಷ್ಯನು ಮೂರನೆಯ ರಾತ್ರಿ ಸೆಳವು ಬಂದು ಬಿದ್ದರೆ, ಆ ಮನೆಯವರು ಯಾರನ್ನು ಎಬ್ಬಿಸಬೇಕು? ಮನೋಚೈತನ್ಯ ಕಾರ್ಯಕ್ರಮದ ಮೇರೆಗೆ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರತಕ್ಕ ಏರ್ಪಾಡಾಗಿದೆ. ಸೆಳವು ಮಂಗಳವಾರಕ್ಕಾಗಿ ಕಾಯುವುದಿಲ್ಲ. ಹೋಬಳಿಯ ಯೋಜನೆಯೆಂದರೆ ಮೊದಲಾಗಿ ಇದು: ಯಾವ ಹಾಸಿಗೆ, ಯಾವ ವಾಹನ, ಯಾರ ದೂರವಾಣಿ, ಆಸ್ಪತ್ರೆಯಿಂದ ಬಂದವನನ್ನು ಆರು ತಿಂಗಳು ಯಾರು ವಿಚಾರಿಸಿಕೊಳ್ಳುವರು.

ಪಂಚಾಯಿತಿಗಳಿಗೆ ಹಣವಿಲ್ಲವೆ ಎಂದು ಕೆಲವರು ಕೇಳಬಹುದು. ಹದಿನೈದನೆಯ ಹಣಕಾಸು ಆಯೋಗದ ೨೦೨೧-೨೬ರ ಅನುದಾನದಲ್ಲಿ ನೂರಕ್ಕೆ ೬೦ ಭಾಗವು ಕುಡಿಯುವ ನೀರು, ನೈರ್ಮಲ್ಯಗಳಿಗೆ ಮೀಸಲಾಗಿತ್ತು. ಉಳಿದ ೪೦ ಭಾಗವನ್ನು ಸ್ಥಳೀಯ ಅವಶ್ಯಕತೆಗಳಿಗೆ ಬಿಟ್ಟಿದ್ದರೂ ಚರಂಡಿ, ರಸ್ತೆ, ಬೀದಿದೀಪಗಳ ಮುಂದೆ ಕುಡುಕನ ಸಂಸಾರದ ಬೇಡಿಕೆ ನಿಲ್ಲುವುದು ಕಷ್ಟ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಹೇಳಿರುವ ೨೯ ವಿಷಯಗಳಲ್ಲಿ ಮಾದಕಪದಾರ್ಥದ ಹೆಸರೇ ಇಲ್ಲ. ೧೯೯೬ರ ಕೇಂದ್ರ ಕಾನೂನೊಂದು ಅನುಸೂಚಿತ ಪ್ರದೇಶಗಳ ಗ್ರಾಮಸಭೆಗಳಿಗೆ ಮದ್ಯನಿಯಂತ್ರಣದ ಅಧಿಕಾರವನ್ನು ಕೊಡಹೇಳುತ್ತದೆ. ಕರ್ನಾಟಕದಲ್ಲಿ ಅಂತಹ ಪ್ರದೇಶವೇ ಇಲ್ಲದುದರಿಂದ ನಮ್ಮವರಿಗೆ ಅದರ ಫಲವಿಲ್ಲ.

ಕೊಟ್ಟ ಹಣವು ಸಭೆಗಳ ಕಾಫಿ ತಿಂಡಿಗೆ ಹೋಗಿ, ಕೊನೆಗೆ ಅಂದವಾದೊಂದು ವರದಿ ಉಳಿಯುವುದೆಂಬ ಆಕ್ಷೇಪಣೆ ನಿರಾಧಾರವಲ್ಲ. ಅದಕ್ಕಾಗಿಯೇ ಮೊತ್ತ ಸಣ್ಣದಾಗಿರಲಿ, ಅವಧಿ ಒಂದೇ ವರ್ಷವಿರಲಿ, ವರದಿಯನ್ನು ಗ್ರಾಮಸಭೆಯಲ್ಲಿ ಸ್ತ್ರೀಯರ ಎದುರಿಗೆ ಓದಿ ಒಪ್ಪಿಸಿದ ಮೇಲೆಯೇ ಎರಡನೆಯ ಕಂತು ಬಿಡುಗಡೆಯಾಗಲಿ. ಮಾರಾಟಗಾರರು ಆ ಕೂಟದಲ್ಲಿ ಇರಕೂಡದು. ಕಷ್ಟಪಟ್ಟವರ ಹೆಸರುಗಳು ವರದಿಯಲ್ಲಿ ಬಾರಕೂಡದು. ಹಳ್ಳಿಯಲ್ಲಿ ಮಾನ ಹೋದವನು ಆಸ್ಪತ್ರೆಗೆ ಬರುವುದಿಲ್ಲ.

ಸರ್ಕಾರದ ಮೈಸೂರು ಸೇಲ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯೇ ಮದ್ಯದ ಮಳಿಗೆಗಳನ್ನು ನಡೆಸುತ್ತಿರುವಾಗ, ಅಬಕಾರಿಯ ಉತ್ಪತ್ತಿಯಲ್ಲಿ ನೂರು ರೂಪಾಯಿಗೆ ನಾಲ್ಕಾಣೆಯನ್ನು ಹೋಬಳಿಗಳ ಈ ಆಲೋಚನೆಗೆ ತೆಗೆದಿಡುವುದು ದಾನವಾಗಲಾರದು. ೪೦,೦೦೦ ಕೋಟಿಯ ಲೆಕ್ಕದಲ್ಲಿ ಅದು ೧೦೦ ಕೋಟಿಯಾಗುತ್ತದೆ. ಮುಂದಿನ ಆಯವ್ಯಯ ಸಿದ್ಧವಾಗುವುದಕ್ಕೆ ಮುನ್ನ ತುಮಕೂರು ಜಿಲ್ಲೆಯ ಶಾಸಕರು ಈ ಬೇಡಿಕೆಯನ್ನು ಸಭೆಯಲ್ಲಿಡಬೇಕೆಂದೂ, ಪ್ರಯೋಗಾರ್ಥವಾಗಿ ಕೊಳಾಲವೂ ಸೇರಿದಂತೆ ನಾಲ್ಕಾರು ಹೋಬಳಿಗಳನ್ನು ಆರಿಸಿಕೊಳ್ಳಬೇಕೆಂದೂ ನಾವು ಕೋರುತ್ತೇವೆ.