ಹೊಗೆಗೂ ಪಾಸ್‌ಪೋರ್ಟ್ ಬೇಕೆ?

ನಾಸಿಕ್ ಪಕ್ಕದ ದಿಂಡೋರಿಯ ಸಿಂಗಲ್ ಮಾಲ್ಟ್ ‘ಲಾಂಜಿಟ್ಯೂಡ್ 77’ 2022ರಲ್ಲಿ ಮಾರುಕಟ್ಟೆಗೆ ಬಂತು. ಅದರ ಮಾತೆತ್ತಿದರೆ ನಮ್ಮ ಐಟಿ ಗೆಳೆಯರು ಮೂಗು ಮುರಿಯುತ್ತಾರೆ: ‘ಲಫ್ರೋಯಿಗ್‌ನ ಹೊಗೆ ಎಲ್ಲಿ, ಇದೆಲ್ಲಿ!’

ಆ ಹೊಗೆಯ ಕುಲ ವಿಚಾರಿಸೋಣ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮರ ಕಡಿಮೆ. ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತ ಪಾಚಿ, ಹುಲ್ಲೇ ಪೀಟ್. ಅದನ್ನು ಕಡಿದು ಒಣಗಿಸಿ ಜನ ಒಲೆಗೆ ಹಾಕುತ್ತಿದ್ದರು. ಮೊಳಕೆ ಬಂದ ಬಾರ್ಲಿ ಒಣಗಿಸಲೂ ಅದೇ ಉರುವಲು. ಹೊಗೆಯ ಫಿನಾಲುಗಳು ಕಾಳಿಗೆ ಹತ್ತಿ ಆ ಆಸ್ಪತ್ರೆ ವಾಸನೆ ಬಂತು. ನಮ್ಮ ಬೆರಣಿಯ ದಾಯಾದಿ ಅಷ್ಟೇ.

ಬೆಂಗಳೂರಿನ ಅಮೃತ್ ಕೂಡ ತನ್ನ ‘ಪೀಟೆಡ್’ಗೆ ಹೊಗೆ ಹಿಡಿಸಿದ ಬಾರ್ಲಿಯನ್ನು ಸ್ಕಾಟ್ಲೆಂಡಿನಿಂದಲೇ ತರಿಸುತ್ತದೆ. ತರಿಸಲಿ, ಚೆನ್ನಾಗಿಯೇ ಇದೆ. ನನ್ನ ಜಗಳ ಕುಡಿಯುವವರ ಜೊತೆ. ಊರಿಂದ ಬಂದ ಅಮ್ಮನ ಸೀರೆಯಲ್ಲಿ ಒಲೆ ಹೊಗೆ ಅಂತ ರೂಮ್ ಫ್ರೆಶ್‌ನರ್ ಹೊಡೆಯುವವರೇ ಸಂಜೆ ಗ್ಲಾಸೆತ್ತಿ ‘ಆಹಾ, ಮಣ್ಣಿನ ಘಮ’ ಅನ್ನುತ್ತಾರೆ. ಯಾರ ಮಣ್ಣು ಸ್ವಾಮಿ?

ನಮ್ಮ ಸೆಕೆಯಲ್ಲಿ ಪೀಪಾಯಿಯ ಮದ್ಯ ಸ್ಕಾಟ್ಲೆಂಡಿಗಿಂತ ಎಷ್ಟೋ ಹೆಚ್ಚು ಆವಿಯಾಗುತ್ತದೆ, ಬೇಗ ಮಾಗುತ್ತದೆ. ದಿಂಡೋರಿಯದಕ್ಕೆ ಆ ಗುಣ ಇದೆ. ಮೊದಲು ಅದನ್ನು ಮೂಸಿ ನೋಡಿ. ಮೂಗು ಮುರಿಯುವುದು ಆಮೇಲೆ.