ಮೊದಲ ಸಂಬಳ ಬರುವವರೆಗೆ

ಕೊನೆಯ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಕೆಲಸ ಗಿಟ್ಟಿಸುವುದು ಹೇಗೆಂದು ಹೇಳಿಕೊಡುವವರು ಈಗ ಬೇಕಾದಷ್ಟು ಇದ್ದಾರೆ. ಬಯೋಡೇಟಾ ಬರೆಯುವುದು, ಸಂದರ್ಶನಕ್ಕೆ ಕೂರುವುದು, ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುವುದು, ಎಲ್ಲಕ್ಕೂ ತರಬೇತಿ ಉಂಟು. ಆಯ್ಕೆಯಾದ ಮೇಲೆ ಏನು ಮಾಡುತ್ತೀಯಪ್ಪಾ ಎಂದು ಕೇಳುವವರು ಮಾತ್ರ ಕಾಣುವುದಿಲ್ಲ. ಕಾಲೇಜಿನ ಗೇಟಿಗೆ ಫೋಟೊಗಳ ಫ್ಲೆಕ್ಸ್ ಏರುತ್ತದೆ, ಪ್ಲೇಸ್‌ಮೆಂಟ್ ವರದಿಗೆ ಒಂದು ಸಂಖ್ಯೆ ಸೇರುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಕೆಲಸ ಸಿಕ್ಕ ದಿನಕ್ಕೂ ಮೊದಲ ಸಂಬಳ ಖಾತೆಗೆ ಬೀಳುವ ದಿನಕ್ಕೂ ನಡುವೆ ಇರುವ ಆ ಒಂದೆರಡು ತಿಂಗಳಲ್ಲೇ ಅನೇಕ ಮಕ್ಕಳು ಕೈಚೆಲ್ಲಿ ಊರಿಗೆ ಮರಳುತ್ತಾರೆ. ಅವರಲ್ಲಿ ಜಾಣತನಕ್ಕೆ ಕೊರತೆ ಇರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ, ಕೇಳಿ ತಿಳಿದುಕೊಳ್ಳಲು ಹತ್ತಿರದವರು ಯಾರೂ ಇರಲಿಲ್ಲ.

ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದುವ ಎಷ್ಟೋ ಮಕ್ಕಳು ತಮ್ಮ ಮನೆಯ ಮೊದಲ ಪದವೀಧರರು. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹಾವೇರಿಯಿಂದ ಹುಬ್ಬಳ್ಳಿಯ ಉದ್ಯೋಗ ಮೇಳಕ್ಕೆ ಹೋಗಿಬರಲು ಮನೆಯಲ್ಲಿ ಬಸ್ ಚಾರ್ಜ್ ಕೇಳುವ ಕಷ್ಟ ತಪ್ಪಿದೆ. ಇದನ್ನು ಸಣ್ಣ ಸಂಗತಿ ಎಂದು ನಾನು ತಿಳಿದಿಲ್ಲ. ಮೇಳಕ್ಕೆ ಹೋದವರಲ್ಲಿ ಕೆಲವರು ಆಯ್ಕೆಯೂ ಆಗುತ್ತಾರೆ. ಆಮೇಲೆ ಮೊಬೈಲಿಗೆ ನಾಲ್ಕೈದು ಪುಟದ ಆಫರ್ ಲೆಟರ್ ಬರುತ್ತದೆ. ಅದನ್ನು ಕೂತು ಓದಿ ಹೇಳುವ ಅಣ್ಣನೋ ಚಿಕ್ಕಪ್ಪನೋ ಮನೆಯಲ್ಲಿಲ್ಲ. 'ಸರ್, ಇದರಲ್ಲಿ ನನ್ನ ಸಂಬಳ ಎಲ್ಲಿದೆ?' ಎಂದು ಮೇಷ್ಟರ ಮುಂದೆ ಮೊಬೈಲ್ ಹಿಡಿಯುವವರು ಧೈರ್ಯವಂತರು. ಹೆಚ್ಚಿನವರು ಕೇಳುವುದೇ ಇಲ್ಲ.

ಆ ಪ್ರಶ್ನೆ ಸುಲಭದ್ದೂ ಅಲ್ಲ. ವರ್ಷಕ್ಕೆ 2.4 ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ 20 ಸಾವಿರ ಎಂದು ಮನೆಯವರೆಲ್ಲ ಲೆಕ್ಕ ಹಾಕಿಬಿಡುತ್ತಾರೆ. ಮೂಲ ವೇತನ 10 ಸಾವಿರ ಎಂದು ಇಟ್ಟುಕೊಳ್ಳಿ. ಪಿಎಫ್‌ಗೆ ಕಂಪನಿ ಕಟ್ಟುವ ಶೇ 12 ಪಾಲು, ಅಂದರೆ 1,200 ರೂಪಾಯಿಯನ್ನು, ಆ ಪ್ಯಾಕೇಜಿನಲ್ಲೇ ಸೇರಿಸಿರುತ್ತಾರೆ. ನೌಕರನ ಪಾಲು ಇನ್ನೊಂದು 1,200 ಸಂಬಳದಿಂದ ಕಡಿತವಾಗುತ್ತದೆ. ಗ್ರಾಚ್ಯುಟಿ ಹೆಸರಿನಲ್ಲಿ 480 ರೂಪಾಯಿಯಷ್ಟು ಹಣವನ್ನೂ ತೋರಿಸುವುದುಂಟು. ಕಾಯಂ ನೌಕರನಿಗೆ ಅದು ದಕ್ಕಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಅಲ್ಲೇ ದುಡಿದಿರಬೇಕು. ಇಎಸ್‌ಐಗೆ ಇಬ್ಬರ ಪಾಲೂ ಹೋಗಿ ಕೊನೆಗೆ ಕೈಗೆ ಸಿಗುವುದು ಹದಿನಾರೂವರೆ ಸಾವಿರದ ಒಳಗೆ. ಇದರಲ್ಲಿ ಮೋಸವೇನಿಲ್ಲ. ಪಿಎಫ್ ಅವರದೇ ಉಳಿತಾಯ, ಕಾಯಿಲೆ ಬಿದ್ದರೆ ಇಎಸ್‌ಐ ಆಸ್ಪತ್ರೆ ಇದೆ. ಆದರೆ ಇಪ್ಪತ್ತು ಬರುತ್ತದೆಂದು ನಂಬಿ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದ ತಾಯಿಗೆ ಈ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ಸಾಲ ಎತ್ತುವುದಾದರೂ ಯಾಕೆ? ಬೆಂಗಳೂರಿಗೆ ಬಂದಿಳಿದ ದಿನವೇ ಪಿಜಿಗೆ ಬಾಡಿಗೆ ಕಟ್ಟಬೇಕು, ಅದರ ಜೊತೆಗೆ ಅಡ್ವಾನ್ಸ್. ಮೂವರು ಹಂಚಿಕೊಳ್ಳುವ ಕೋಣೆಯಾದರೂ ಅಷ್ಟೇ. ಮಧ್ಯಾಹ್ನದ ಊಟ, ಬಸ್ ಪಾಸ್, ಕಚೇರಿಗೆ ಒಪ್ಪುವ ಎರಡು ಜೊತೆ ಬಟ್ಟೆ, ಶೂ. ತಿಂಗಳ ನಡುವೆ ಸೇರಿದವರಿಗೆ ಮೊದಲ ಸಲ ಬರುವುದು ದುಡಿದಷ್ಟು ದಿನದ ದುಡ್ಡು ಮಾತ್ರ. ಬ್ಯಾಂಕ್ ಖಾತೆಯ ದಾಖಲೆಯಲ್ಲಿ ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದದಿದ್ದರೆ ಅದೂ ತಡವಾಗಬಹುದು. ಕೈಯಲ್ಲಿ ಇಪ್ಪತ್ತು ಸಾವಿರವಾದರೂ ಇಲ್ಲದೆ ಕೆಲಸಕ್ಕೆ ಹಾಜರಾಗುವುದೇ ಕಷ್ಟ ಎನ್ನುವುದು ಬಡವರ ಮನೆಯ ಮಕ್ಕಳ ಮೇಲೆ ನಾವು ಹೊರಿಸಿರುವ ದೊಡ್ಡ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಯುವನಿಧಿ ಇದೆಯಲ್ಲ ಎನ್ನಬಹುದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಆ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಕೊಡುತ್ತದೆ. ಅದು ಸಿಗುವುದು ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸವಿಲ್ಲದವರಿಗೆ. ಕೆಲಸ ಸಿಕ್ಕವರಿಗೆ ಅದು ನಿಲ್ಲುತ್ತದೆ, ನಿಲ್ಲಲೂ ಬೇಕು. ಆದರೆ ಕೆಲಸ ಸಿಕ್ಕ ಆ ಮೊದಲ ತಿಂಗಳಿನಷ್ಟು ದುಡ್ಡಿನ ಮುಗ್ಗಟ್ಟು ಬೇರೆ ಯಾವ ತಿಂಗಳಲ್ಲೂ ಇರುವುದಿಲ್ಲ. ಅಲ್ಲಿಗೆ ತಲುಪುವ ನೆರವು ಕಾಣುತ್ತಿಲ್ಲ.

ಅವಸರ ಇದ್ದಲ್ಲಿ ವಂಚಕರೂ ಬರುತ್ತಾರೆ. ಕೆಲಸ ಕೊಡುತ್ತೇವೆ, ತರಬೇತಿಗೆಂದು ಇಷ್ಟು ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಕಚೇರಿಗಳೂ ಇವೆ. ಬಿಟ್ಟು ಹೋಗುವುದಾದರೆ ಹಣ ಕಟ್ಟಿ ಬಿಡಿಸಿಕೋ ಎನ್ನುತ್ತಾರೆ. ಅಂಕಪಟ್ಟಿ ತೋರಿಸಿ, ಅವರು ಪರಿಶೀಲಿಸಿಕೊಳ್ಳಲಿ, ಜೆರಾಕ್ಸ್ ಕೊಡಿ, ಡಿಜಿಲಾಕರ್‌ನಲ್ಲಿದ್ದರೆ ಅದನ್ನು ಕಳಿಸಿ. ಮೂಲ ಪ್ರತಿ ಮಾತ್ರ ನಿಮ್ಮ ಜೊತೆಯಲ್ಲೇ ಮನೆಗೆ ಬರಲಿ. ನೇಮಕಾತಿ ಪತ್ರ ಕೇಳಲು ಸಂಕೋಚ ಬೇಡ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದನ್ನು ಕೊಡುವುದು ಮಾಲೀಕರ ಕರ್ತವ್ಯ.

ಇಷ್ಟನ್ನೂ ಇಪ್ಪತ್ತೊಂದರ ಹುಡುಗಿಯೊಬ್ಬಳು ಒಂಟಿಯಾಗಿ ಕಲಿತುಕೊಳ್ಳಲಿ ಎಂದು ಬಿಡುವುದು ಸರಿಯಲ್ಲ. ಕಾಲೇಜಿನ ಜವಾಬ್ದಾರಿ ಫ್ಲೆಕ್ಸ್ ಕಟ್ಟಿದ ದಿನಕ್ಕೆ ಮುಗಿಯದೆ ಇನ್ನೊಂದು ಮೂರು ತಿಂಗಳು ಮುಂದುವರಿಯಬೇಕು. ಆಫರ್ ಲೆಟರನ್ನು ವಾಣಿಜ್ಯ ವಿಭಾಗದ ಅಧ್ಯಾಪಕರೊಬ್ಬರು ವಿದ್ಯಾರ್ಥಿಯ ಜೊತೆ ಕೂತು ಸಾಲು ಸಾಲಾಗಿ ಓದಲಿ, ತಂದೆತಾಯಿಗೂ ಫೋನಿನಲ್ಲಿ ಬಿಡಿಸಿ ಹೇಳಲಿ. ಪಿಜಿ ಹುಡುಕಲು ನೆರವಾಗಬಲ್ಲ, ಅದೇ ತಾಲ್ಲೂಕಿನ ಹಿಂದಿನ ಬ್ಯಾಚಿನವರು ಬೆಂಗಳೂರಲ್ಲಿ ಎಲ್ಲೆಲ್ಲಿದ್ದಾರೆ ಎಂಬ ಪಟ್ಟಿ ಕಾಲೇಜಿನಲ್ಲಿರಲಿ. ಸಂಬಳ ಎಣಿಸುತ್ತಿರುವ ಹಳೆಯ ವಿದ್ಯಾರ್ಥಿಗಳು ತಲಾ ಒಂದೆರಡು ಸಾವಿರ ಹಾಕಿದರೆ ಹತ್ತು ಮಂದಿಗೆ ಬಡ್ಡಿಯಿಲ್ಲದ ಕೈಸಾಲ ಕೊಡುವಷ್ಟು ಗಂಟು ಆಗುತ್ತದೆ. ಪಡೆದವರು ಆರು ತಿಂಗಳಲ್ಲಿ ತೀರಿಸಿದರೆ ಮುಂದಿನ ಬ್ಯಾಚಿಗೂ ಅದೇ ಹಣ ಒದಗುತ್ತದೆ. ಇದಕ್ಕೆ ಇಲಾಖೆಯ ಸುತ್ತೋಲೆ ಬರಲಿ ಎಂದು ಕಾಯಬೇಕಿಲ್ಲ. ಪ್ರಾಂಶುಪಾಲರೂ ಹಳೆಯ ವಿದ್ಯಾರ್ಥಿಗಳ ಸಂಘವೂ ಮನಸ್ಸು ಮಾಡಿದರೆ ಈ ವರ್ಷ ಹೊರಬೀಳುವ ಬ್ಯಾಚಿನಿಂದಲೇ ಶುರು ಮಾಡಬಹುದು.